ಚಪ್ಪಲಿ ಬಿಡೋದು ಗೊತ್ತು, ಸುಮ್ನಿರೋದು ಗೊತ್ತಿಲ್ಲ: ಜಪಾನಿಗೆ ಹೊರಟವರಿಗೆ

ಟೋಕಿಯೊ ತಲುಪಿದ ಎರಡನೇ ದಿನ ಟ್ರೇನಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಊರಿನಿಂದ ಅಮ್ಮ. ಎತ್ತಿದೆ. ಊಟ ಆಯ್ತಾ, ಚಳಿ ಇದ್ಯಾ, ಅಲ್ಲಿ ಅನ್ನ ಸಿಗುತ್ತಾ ಅಂತ ಮೂರು ಪ್ರಶ್ನೆ. ಮೂರಕ್ಕೂ ಉತ್ತರ ಕೊಡುವಷ್ಟರಲ್ಲಿ ಇಡೀ ಬೋಗಿಯಲ್ಲಿ ಮಾತಾಡುತ್ತಿರುವುದು ನಾನೊಬ್ಬನೇ ಅಂತ ಗೊತ್ತಾಯಿತು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಗದರಲಿಲ್ಲ. ಪಕ್ಕದಲ್ಲಿದ್ದವರು ಮಾತ್ರ ಸ್ವಲ್ಪ ಆಚೆ ಸರಿದು ಕೂತರು. ಬೈದಿದ್ದರೇ ವಾಸಿಯಿತ್ತು.

ಜಪಾನಿಗೆ ಹೋಗುವ ಮುಂಚೆ ಎಲ್ಲರೂ ಒಂದು ಪಟ್ಟಿ ಓದಿಕೊಂಡು ಹೋಗುತ್ತಾರೆ. ಇದು ಮಾಡಬೇಡಿ, ಅದು ಮುಟ್ಟಬೇಡಿ ಅಂತ. ನಾನೂ ಓದಿದ್ದೆ. ಐವತ್ತು ನಿಯಮ ಬಾಯಿಪಾಠ ಮಾಡಿದರೂ ಐವತ್ತೊಂದನೆಯದರಲ್ಲಿ ಎಡವುತ್ತೇವೆ, ಯಾಕೆಂದರೆ ಪಟ್ಟಿಯಲ್ಲಿ ಕಾರಣ ಇರುವುದಿಲ್ಲ. ಆಮೇಲೆ ನನಗೆ ಅನಿಸಿದ್ದು ಇಷ್ಟು. ಅವರ ದಿನನಿತ್ಯದ ರೀತಿ ರಿವಾಜುಗಳಲ್ಲಿ ಬಹುಪಾಲು ಮೂರು ವಿಚಾರದ ಮೇಲೆ ನಿಂತಿವೆ. ಒಂದು, ಇನ್ನೊಬ್ಬರಿಗೆ ಹೊರೆ ಆಗಬಾರದು. ಎರಡು, ಒಳಗೆ ಅನ್ನೋದು ಬೇರೆ, ಹೊರಗೆ ಅನ್ನೋದು ಬೇರೆ. ಮೂರು, ಸತ್ತವರಿಗೆ ಮಾಡುವುದನ್ನು ಬದುಕಿರುವವರಿಗೆ ಮಾಡಬಾರದು. ಕೊನೆಯ ಎರಡೂ ನಮಗೆ ಅಜ್ಜಿ ಕಾಲದಿಂದಲೇ ಗೊತ್ತು. ನಾವು ಸಿಕ್ಕಿಬೀಳುವುದು ಮೊದಲನೆಯದರಲ್ಲಿ.

ಅದಕ್ಕೆ ಅವರು ಹೇಳುವ ಪದ 'ಮೇವಾಕು'. ತೊಂದರೆ, ಕಿರಿಕಿರಿ, ಬೇರೆಯವರ ಮೇಲೆ ಭಾರ ಹಾಕುವುದು, ಎಲ್ಲವೂ ಅದರಲ್ಲಿ ಸೇರಿಕೊಂಡಿದೆ. ಬೇರೆಯವರಿಗೆ ಮೇವಾಕು ಮಾಡಬೇಡ ಅನ್ನುವ ಮಾತು ಅಲ್ಲಿನ ಮಕ್ಕಳ ಕಿವಿಗೆ ಚಿಕ್ಕಂದಿನಿಂದಲೇ ಬೀಳುತ್ತದೆ. ನಮ್ಮಲ್ಲಿ ತೊಂದರೆ ಅಂದರೆ ಸೀಟು ಕಿತ್ತುಕೊಳ್ಳುವುದು, ಕಾಲು ತುಳಿಯುವುದು, ಜಗಳ. ಅಲ್ಲಿ ನಿಮ್ಮ ದನಿ, ನೀವು ಹಾಕಿಕೊಂಡ ಸೆಂಟು, ಬೆನ್ನಿಗಿರುವ ಬ್ಯಾಗು, ನೀರು ತೊಟ್ಟಿಕ್ಕುವ ಕೊಡೆ, ಕೈಯಲ್ಲಿರುವ ಕಸ, ದಾರಿ ಮಧ್ಯೆ ನಿಂತು ಮ್ಯಾಪ್ ನೋಡುವುದು, ಇವೆಲ್ಲವೂ ಇನ್ನೊಬ್ಬರಿಗೆ ತಾಗುವ ವಿಷಯಗಳೇ. ಮಳೆ ಬಂದ ದಿನ ಅಂಗಡಿ ಬಾಗಿಲಲ್ಲಿ ಕೊಡೆಗೆ ಹಾಕಲು ಉದ್ದನೆಯ ಪ್ಲಾಸ್ಟಿಕ್ ಕವರ್ ಇಟ್ಟಿರುವುದು ನೋಡಿದಾಗ ನನಗೆ ನಗು ಬಂತು. ಆಮೇಲೆ ಒಳಗಿನ ನೆಲ ಒಂದಿಷ್ಟೂ ಒದ್ದೆಯಿಲ್ಲ ಅಂತ ಗಮನಿಸಿದೆ.

ಟ್ರೇನಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಫೋನ್ ಸೈಲೆಂಟ್‌ನಲ್ಲಿ ಇಡುವುದಕ್ಕೆ 'ಮ್ಯಾನರ್ ಮೋಡ್' ಅಂತಲೇ ಹೆಸರು. ಮೆಸೇಜ್ ಮಾಡಿ, ಗೇಮ್ ಆಡಿ, ಇಯರ್‌ಫೋನ್ ಹಾಕಿಕೊಂಡು ಏನು ಬೇಕಾದರೂ ನೋಡಿ, ಕರೆ ಮಾತ್ರ ಬೇಡ. ಎತ್ತಲೇಬೇಕು ಅಂದರೆ ಬಾಯಿಗೆ ಕೈ ಅಡ್ಡ ಹಿಡಿದು "ಟ್ರೇನಿನಲ್ಲಿದ್ದೇನೆ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡಿ. ಶಿಂಕಾನ್ಸೆನ್ ಎಂಬ ಬುಲೆಟ್ ಟ್ರೇನಿನಲ್ಲಾದರೆ ಎದ್ದು ಎರಡು ಬೋಗಿಗಳ ನಡುವಿನ ಜಾಗಕ್ಕೆ ಹೋಗಿ ಮಾತಾಡಬಹುದು. ಜೊತೆಯಲ್ಲಿ ಬಂದವರ ಹತ್ತಿರ ಮಾತಾಡಲೇಬಾರದು ಅಂತೇನಿಲ್ಲ, ದನಿ ನಿಮ್ಮಿಬ್ಬರ ಮಧ್ಯೆ ಇದ್ದರೆ ಸಾಕು. ಎಂಟು ಜನರ ನಮ್ಮ ಟೂರ್ ಗುಂಪು ಬೋಗಿಯ ಆ ತುದಿಯಿಂದ ಈ ತುದಿಗೆ "ಇಳಿಯೋದು ಮುಂದಿನ ಸ್ಟಾಪಾ?" ಅಂತ ಕೂಗಿ ಕೇಳುತ್ತದಲ್ಲ, ಅದೇ ಸಮಸ್ಯೆ. ಹಾಗಂತ ಜಪಾನೀಯರು ಮೌನವ್ರತದವರು ಅಂದುಕೊಳ್ಳಬೇಡಿ. ಸಂಜೆ ಒಂದು ಇಜಕಾಯಾಗೆ, ಅಂದರೆ ಅವರ ಕುಡಿಯುವ, ತಿನ್ನುವ ಅಡ್ಡಾಗೆ ಹೋಗಿ ನೋಡಿ. ಕಿವಿ ತೂತಾಗುವಷ್ಟು ಗಲಾಟೆ. ಗಲಾಟೆಗೂ ಒಂದು ಜಾಗ ಇದೆ, ಟ್ರೇನು ಆ ಜಾಗ ಅಲ್ಲ, ಅಷ್ಟೇ.

ಪ್ಲಾಟ್‌ಫಾರ್ಮಿನಲ್ಲಿ ಬಾಗಿಲು ಎಲ್ಲಿ ಬರುತ್ತದೆ ಅಂತ ನೆಲದ ಮೇಲೆ ಗುರುತು ಹಾಕಿರುತ್ತಾರೆ. ಅದರ ಹಿಂದೆ ಸಾಲು. ಬಾಗಿಲು ತೆರೆದ ಮೇಲೆ ಎರಡೂ ಪಕ್ಕಕ್ಕೆ ಸರಿದು, ಇಳಿಯುವವರೆಲ್ಲ ಇಳಿದ ಮೇಲೆ ಹತ್ತಬೇಕು. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಬೇಕು. ಬೆಳಗ್ಗೆ ರಷ್ ಹೊತ್ತಿನಲ್ಲಿ ಕೆಲವು ಬೋಗಿಗಳು ಹೆಂಗಸರಿಗೆ ಮಾತ್ರ, ನಮ್ಮ ಮೆಟ್ರೊ ಹಾಗೆಯೇ, ಆದರೆ ಅಲ್ಲಿ ಸಾಮಾನ್ಯವಾಗಿ ನಿಗದಿಯಾದ ಹೊತ್ತಿಗೆ ಮಾತ್ರ. ಎಸ್ಕಲೇಟರ್‌ನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಅವಸರದವರು ಹತ್ತಿಹೋಗಲಿ ಅಂತ ಇನ್ನೊಂದು ಪಕ್ಕ ಬಿಟ್ಟಿರುತ್ತಾರೆ. ಇದು ಅಪಾಯ ಅಂತ ಹೇಳಿ ಸೈತಾಮಾ ಪ್ರಾಂತ್ಯ 2021ರಲ್ಲಿ, ನಗೋಯಾ ನಗರ 2023ರಲ್ಲಿ ಎಸ್ಕಲೇಟರ್ ಮೇಲೆ ನಡೆಯಬೇಡಿ, ನಿಂತೇ ಹೋಗಿ ಅಂತ ಕಟ್ಟಳೆಯನ್ನೇ ತಂದವು. ದಂಡ ಇಲ್ಲ. ಜನರ ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಎದುರಿಗಿರುವವರು ಯಾವ ಕಡೆ ನಿಂತಿದ್ದಾರೋ ಆ ಕಡೆ ನಿಲ್ಲಿ, ತಲೆ ಕೆಡಿಸಿಕೊಳ್ಳಬೇಡಿ.

ಸಮಯವೂ ಮೇವಾಕು ಲೆಕ್ಕಕ್ಕೇ ಬರುತ್ತದೆ. 2017ರ ನವೆಂಬರ್‌ನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ಎಂಬ ರೈಲು ಒಂದು ಸ್ಟೇಷನ್ನಿನಿಂದ 20 ಸೆಕೆಂಡ್ ಬೇಗ ಹೊರಟುಬಿಟ್ಟಿತ್ತು. ತಡವಾಗಿ ಅಲ್ಲ, ಬೇಗ! ಕಂಪನಿ ಅದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿತು, ಸುದ್ದಿ ಜಗತ್ತೆಲ್ಲ ಓಡಾಡಿತು. ಟ್ರೇನ್ ತಡವಾದರೆ ಸ್ಟೇಷನ್ನಿನಲ್ಲಿ ಒಂದು ಚೀಟಿ ಕೊಡುತ್ತಾರೆ, ಆಫೀಸಿಗೋ ಶಾಲೆಗೋ ತೋರಿಸಲು. ಯಾರನ್ನಾದರೂ ಹತ್ತು ಗಂಟೆಗೆ ಭೇಟಿಯಾಗುತ್ತೇನೆ ಅಂದರೆ ಒಂಬತ್ತು ಐವತ್ತೈದಕ್ಕೆ ಅಲ್ಲಿರಿ. "ಆನ್ ದಿ ವೇ" ಅಂತ ಮನೆಯಲ್ಲಿ ಸಾಕ್ಸ್ ಹುಡುಕುತ್ತಾ ಮೆಸೇಜ್ ಹಾಕುವ ಬೆಂಗಳೂರು ವಿದ್ಯೆ ಅಲ್ಲಿ ನಡೆಯಲ್ಲ.

ಇನ್ನು ಕಸ. ಊರು ಅಷ್ಟು ಚೊಕ್ಕಟ, ಆದರೆ ಬೀದಿಯಲ್ಲಿ ಕಸದ ಡಬ್ಬಿಯೇ ಕಾಣುವುದಿಲ್ಲ. ಇದಕ್ಕೊಂದು ಹಿನ್ನೆಲೆ ಇದೆ. 1995ರ ಮಾರ್ಚ್ 20ರಂದು ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೊ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟರು. ಆಮೇಲೆ ಭದ್ರತೆಗೆ ಅಂತ ಸ್ಟೇಷನ್ನುಗಳಿಂದ, ಬೀದಿಗಳಿಂದ ಡಬ್ಬಿಗಳನ್ನು ತೆಗೆಯುತ್ತಾ ಬಂದರು. ಜನ ತಮ್ಮ ಕಸ ತಾವೇ ಮನೆಗೆ ಒಯ್ಯುವುದನ್ನು ರೂಢಿ ಮಾಡಿಕೊಂಡರು. ಹಾಗಾಗಿ ಬ್ಯಾಗಿನಲ್ಲಿ ಒಂದು ಖಾಲಿ ಕವರ್ ಇಟ್ಟುಕೊಳ್ಳಿ. ಪಾನೀಯದ ಮಷೀನ್ ಪಕ್ಕದಲ್ಲಿರುವ ಡಬ್ಬಿ ಬಾಟಲಿ, ಕ್ಯಾನ್‌ಗೆ ಮಾತ್ರ, ಅದಕ್ಕೆ ಚಿಪ್ಸ್ ಪ್ಯಾಕೆಟ್ ತುರುಕಬೇಡಿ. ಬಾಡಿಗೆ ಮನೆಯಲ್ಲಿ ಉಳಿದುಕೊಂಡರೆ ಯಾವ ದಿನ ಯಾವ ಕಸ ಅಂತ ಚೀಟಿ ಅಂಟಿಸಿರುತ್ತಾರೆ, ಅದನ್ನು ನಿಜವಾಗಿ ಓದಿ. ಹಸಿ ಕಸ, ಒಣ ಕಸ ಬೇರೆ ಮಾಡಲು ನಾವು ಒದ್ದಾಡುತ್ತೇವೆ. ಶಿಕೊಕು ದ್ವೀಪದ ಕಮಿಕಾತ್ಸು ಎಂಬ ಪುಟ್ಟ ಊರಿನವರು ಕಸವನ್ನು ನಲವತ್ತಕ್ಕೂ ಜಾಸ್ತಿ ಬಗೆಯಾಗಿ ವಿಂಗಡಿಸುತ್ತಾರೆ. ಎಲ್ಲ ಕಡೆ ಹಾಗಿಲ್ಲ ಬಿಡಿ, ಪುಣ್ಯಕ್ಕೆ. ನಡೆದುಕೊಂಡೇ ತಿನ್ನುವುದನ್ನೂ ಅಲ್ಲಿ ಅಷ್ಟಾಗಿ ಇಷ್ಟಪಡುವುದಿಲ್ಲ. ತಿಂಡಿ ಎಲ್ಲಿ ಕೊಂಡಿರೋ ಅಲ್ಲೇ ನಿಂತು ತಿಂದು, ಖಾಲಿ ಕಡ್ಡಿ, ಕಾಗದ ಆ ಅಂಗಡಿಯವರಿಗೇ ಕೊಟ್ಟರೆ ಎರಡೂ ಸಮಸ್ಯೆ ಮುಗಿಯಿತು. ಸಿಗರೇಟು ಸೇದುವವರಿಗೆ ಒಂದು ಮಾತು. ಬಹಳ ಕಡೆ ಬೀದಿಯಲ್ಲಿ ಸೇದುವ ಹಾಗಿಲ್ಲ. ಟೋಕಿಯೊದ ಚಿಯೊದಾ ವಾರ್ಡ್ 2002ರಲ್ಲೇ ಇದಕ್ಕೆ ದಂಡ ಶುರು ಮಾಡಿತು.

ನಮ್ಮ ಕಡೆಯವರಿಗೆ ಬಹಳ ಬೇಕಾಗುವ ವಿಷಯ ಇನ್ನೊಂದಿದೆ, ಸೂಟ್‌ಕೇಸ್. ನಾಲ್ಕು ಜನ, ಆರು ದೊಡ್ಡ ಪೆಟ್ಟಿಗೆ, ಬೆಳಗಿನ ಎಂಟು ಗಂಟೆಯ ಲೋಕಲ್ ಟ್ರೇನು. ಇದಕ್ಕಿಂತ ದೊಡ್ಡ ಮೇವಾಕು ಇಲ್ಲ. ತಕ್ಕ್ಯುಬಿನ್ ಅಂತ ಒಂದು ಸೇವೆ ಇದೆ. ಹೋಟೆಲ್ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟರೆ ಬಹುತೇಕ ಮರುದಿನ ಮುಂದಿನ ಊರಿನ ಹೋಟೆಲಿಗೆ ಬಂದು ಕೂತಿರುತ್ತದೆ. ನೀವು ಕೈಬೀಸಿಕೊಂಡು ಹೋಗಬಹುದು. ಟೋಕಿಯೊದಿಂದ ಒಸಾಕಾ ಕಡೆಗೆ ಹೋಗುವ ತೊಕಾಯ್ದೊ ಶಿಂಕಾನ್ಸೆನ್‌ನಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವುದಾದರೆ ಅದಕ್ಕೆ ಜಾಗವಿರುವ ಸೀಟನ್ನು ಮೊದಲೇ ಕಾದಿರಿಸಬೇಕು. 2020ರಿಂದ ಈ ನಿಯಮ ಇದೆ.

ತಪ್ಪು ಮಾಡಿದರೆ ಯಾರೂ ಹೇಳುವುದಿಲ್ಲ ಅಂದೆನಲ್ಲ, ಅದರಲ್ಲೇ ಒಂದು ದೊಡ್ಡ ಪಾಠ ಇದೆ. ಎದುರಿಗಿರುವವರಿಗೆ ಮುಜುಗರ ಮಾಡುವುದೂ ಮೇವಾಕುವೇ. ಆದ್ದರಿಂದ ನೇರವಾಗಿ 'ಇಲ್ಲ' ಅನ್ನುವುದು ಕಡಿಮೆ. "ಚೊತ್ತೊ..." ಅಂತ ಎಳೆದು ನಿಲ್ಲಿಸುತ್ತಾರೆ. ಚೊತ್ತೊ ಅಂದರೆ 'ಸ್ವಲ್ಪ'. ಸ್ವಲ್ಪ ಏನು? ಅದನ್ನು ಹೇಳುವುದಿಲ್ಲ. ಸ್ವಲ್ಪ ಕಷ್ಟ, ಅಂದರೆ ಆಗಲ್ಲ. ನಾವು "ನೋಡೋಣ ಬಿಡಿ" ಅಂತೀವಲ್ಲ, ಅದೇ ಇದು. ಮಗಳ ಮದುವೆ ಮಾತುಕತೆಯಲ್ಲಿ "ಯೋಚನೆ ಮಾಡಿ ಹೇಳ್ತೀವಿ" ಅಂದರೆ ಏನು ಅರ್ಥ ಅಂತ ಗೊತ್ತಿರುವ ನಮಗೆ ಇದು ತಿಳಿಯದ ವಿಷಯವೇ ಅಲ್ಲ. ಹಾಗೆಯೇ ನೀವು ಮಾತಾಡುವಾಗ ಅವರು "ಹಾಯ್, ಹಾಯ್" ಅಂತ ತಲೆಯಾಡಿಸುತ್ತಿದ್ದರೆ ಒಪ್ಪಿದರು ಅಂತ ಅಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ ಅಂತ. ನಮ್ಮ "ಹೂಂ, ಹೂಂ".

ಹೇಳದೇ ಇರುವುದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅವರಲ್ಲಿ 'ಗಾಳಿಯನ್ನು ಓದುವುದು' ಅಂತ ಮಾತಿದೆ. ಕ್ಯೋಟೊದವರ ಮೇಲೆ ಉಳಿದ ಊರಿನವರು ಹೇಳುವ ಹಳೆಯ ತಮಾಷೆಯೊಂದಿದೆ. ಮನೆಗೆ ಬಂದವರು ಬಹಳ ಹೊತ್ತು ಕೂತರೆ ಕ್ಯೋಟೊದವರು "ಒಂಚೂರು ಬುಬುಝುಕೆ ತಿಂತೀರಾ?" ಅಂತ ಕೇಳುತ್ತಾರಂತೆ. ಅನ್ನಕ್ಕೆ ಟೀ ಸುರಿದು ತಿನ್ನುವ ಸರಳ ಊಟ ಅದು. ಹೂಂ ಅಂದವನು ದಡ್ಡ. ಎದ್ದು ಹೊರಡಿ ಅಂತ ಅದರ ಅರ್ಥ. ಕಾವೇರಿ ಸೀಮೆಯಾದರೇನು, ಕ್ಯೋಟೊ ಆದರೇನು, "ಕಾಫಿ ತರಲಾ?" ಮತ್ತು "ಕಾಫಿ ಕುಡೀತಿದ್ರೇನೋ?" ಇವೆರಡರ ವ್ಯತ್ಯಾಸ ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತೆ.

ಎಲ್ಲ ಕಡೆ ಕೆಲಸಕ್ಕೆ ಬರುವ ಒಂದೇ ಪದ ಕಲಿಯಬೇಕು ಅಂದರೆ 'ಸುಮಿಮಾಸೆನ್'. ಕ್ಷಮಿಸಿ, ಸ್ವಲ್ಪ ದಾರಿ ಬಿಡಿ, ಇಲ್ಲಿ ನೋಡಿ, ನಿಮಗೆ ತೊಂದರೆ ಕೊಟ್ಟೆ, ಉಪಕಾರವಾಯಿತು, ಎಲ್ಲದಕ್ಕೂ ಅದೇ. ವೇಟರ್‌ನನ್ನು ಕರೆಯುವುದೂ ಹಾಗೆಯೇ, ಸ್ವಲ್ಪ ಜೋರಾಗಿ. ಶಿಳ್ಳೆ, ಚಿಟಿಕೆ ಬೇಡ.

ಈಗ ಎರಡನೆಯದು, ಒಳಗೆ ಮತ್ತು ಹೊರಗೆ. ಜಪಾನಿ ಮನೆಯ ಬಾಗಿಲು ತೆಗೆದ ತಕ್ಷಣ ತಗ್ಗಾದ ಒಂದು ಜಾಗ ಇರುತ್ತದೆ, ಹೆಸರು ಗೆನ್‌ಕಾನ್. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಮನೆ. ಬಾಗಿಲ ಒಳಗಿದ್ದರೂ ಗೆನ್‌ಕಾನ್ ಹೊರಗೇ. ಶೂ ಅಲ್ಲಿ ಕಳಚಬೇಕು, ಆದರೆ ಸಾಕ್ಸ್ ಕಾಲನ್ನು ಆ ತಗ್ಗಿನ ನೆಲಕ್ಕೆ ಇಡಬಾರದು, ಸೀದಾ ಮೇಲಿನ ಹಲಗೆಗೆ ಹತ್ತಬೇಕು. ನಮ್ಮವರು ತಪ್ಪುವುದು ಇಲ್ಲೇ. ನಾವು ಬಾಗಿಲ ಹತ್ತಿರ ಶೂ ಬಿಟ್ಟು, ಅದೇ ಧೂಳಿನಲ್ಲಿ ನಾಲ್ಕು ಹೆಜ್ಜೆ ಹಾಕಿ ಒಳಗೆ ಹೋಗುತ್ತೇವೆ. ಅವರ ದೃಷ್ಟಿಯಲ್ಲಿ ಆಗ ಶೂ ಬಿಟ್ಟೂ ಬಿಟ್ಟ ಹಾಗಾಗಲಿಲ್ಲ. ಹತ್ತಿದ ಮೇಲೆ ಮಂಡಿಯೂರಿ, ಶೂಗಳ ಮೂತಿ ಬಾಗಿಲ ಕಡೆ ತಿರುಗಿಸಿ ಪಕ್ಕಕ್ಕೆ ಜೋಡಿಸಿಡುವುದು ವಾಡಿಕೆ.

ಆಮೇಲೆ ಸ್ಲಿಪ್ಪರ್ ಪುರಾಣ. ಮನೆಯೊಳಗೆ ಹಾಕಿಕೊಳ್ಳಲು ಸ್ಲಿಪ್ಪರ್ ಕೊಡುತ್ತಾರೆ. ತತಾಮಿ, ಅಂದರೆ ಹುಲ್ಲಿನ ದಪ್ಪ ಚಾಪೆ ಹಾಸಿದ ಕೋಣೆ ಬಂದರೆ ಅದನ್ನೂ ಬಿಡಬೇಕು. ಶೌಚಾಲಯದ ಬಾಗಿಲಲ್ಲಿ ಬೇರೆಯೇ ಸ್ಲಿಪ್ಪರ್. ಇದನ್ನು ಬಿಟ್ಟು ಅದನ್ನು ಹಾಕಿಕೊಂಡು ಹೋಗಿ, ಬರುವಾಗ ಅದನ್ನು ಅಲ್ಲೇ ಬಿಟ್ಟು ಬರಬೇಕು. ಮರೆತು ಶೌಚಾಲಯದ ಸ್ಲಿಪ್ಪರಿನಲ್ಲೇ ನಡುಮನೆಗೆ ಬಂದು ನಿಲ್ಲುವುದು ವಿದೇಶಿಯರ ಖಾಯಂ ತಪ್ಪು. ನಾನೂ ಮಾಡಿದ್ದೇನೆ. ಮನೆಯ ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು, ನನಗೆ ಮಾತ್ರ ನಮ್ಮಜ್ಜಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಬಂತು.

ಸಾಕ್ಸ್ ತೂತಿಲ್ಲದ್ದು ತೆಗೆದುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಮನೆ ಮಾತ್ರ ಅಲ್ಲ, ಎಷ್ಟೋ ದೇಗುಲ, ಕೆಲವು ಹೋಟೆಲು, ಬಟ್ಟೆ ಅಂಗಡಿಯ ಟ್ರಯಲ್ ರೂಮ್, ಎಲ್ಲ ಕಡೆ ಶೂ ಬಿಡಬೇಕಾಗುತ್ತದೆ. ಬರಿಗಾಲಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡುವವರು ಒಂದು ಜೊತೆ ಸಾಕ್ಸ್ ಬ್ಯಾಗಿನಲ್ಲಿಟ್ಟುಕೊಳ್ಳಿ, ಬೇರೆಯವರ ಮನೆಯೊಳಗೆ ಬರಿಗಾಲು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ನೆಲದ ಮಟ್ಟ ಎಲ್ಲಿ ಏರುತ್ತದೋ, ಎಲ್ಲಿ ಚಪ್ಪಲಿ ಗೂಡು ಕಾಣುತ್ತದೋ ಅಲ್ಲಿ ನಿಂತು ನೋಡಿ. ಹೊಸ್ತಿಲು ತುಳಿಯಬಾರದು, ದಾಟಬೇಕು. ಹೌದು, ಅಲ್ಲೂ! ತತಾಮಿಯ ಬಟ್ಟೆ ಅಂಚನ್ನೂ ತುಳಿಯಬಾರದು ಅನ್ನುತ್ತಾರೆ.

ಒಳಗೆ, ಹೊರಗೆ ಅನ್ನೋದು ಮಾತಿಗೂ ಬರುತ್ತದೆ, ಇಲ್ಲಿ ಮಾತ್ರ ನಮಗೂ ಅವರಿಗೂ ತಾಳ ತಪ್ಪುತ್ತದೆ. ಬೇರೆಯವರ ಹೆಸರಿಗೆ 'ಸಾನ್' ಸೇರಿಸಬೇಕು, ನಮ್ಮ 'ಅವರು' ಇದ್ದ ಹಾಗೆ. ತನಾಕಾ ಸಾನ್ ಅಂದರೆ ತನಾಕಾ ಅವರು. ನಿಮ್ಮ ಹೆಸರಿಗೆ ನೀವೇ ಸೇರಿಸಿಕೊಳ್ಳಬೇಡಿ, "ನಾನು ಮೂರ್ತಿಯವರು" ಅಂದ ಹಾಗಾಗುತ್ತದೆ. ಇಲ್ಲಿವರೆಗೆ ಸುಲಭ. ಆದರೆ ಹೊರಗಿನವರ ಮುಂದೆ ತಮ್ಮದೇ ಕಂಪನಿಯ ಬಾಸ್ ಬಗ್ಗೆ ಹೇಳುವಾಗ ಅವರು 'ಸಾನ್' ಬಿಟ್ಟು ಬರೀ ಹೆಸರು ಹೇಳುತ್ತಾರೆ. ಬಾಸ್ ನಮ್ಮ ಒಳಗಿನವರು, ಒಳಗಿನವರನ್ನು ಹೊರಗಿನವರೆದುರು ಏರಿಸಿ ಮಾತಾಡುವುದು ಸರಿಯಲ್ಲ ಅಂತ. "ನಮ್ಮ ಸಾಹೇಬ್ರು ಬಂದಿದ್ದಾರೆ" ಅನ್ನುವ ನಮಗೆ ಇದು ಎಂಥಾ ವಿಚಿತ್ರ, ಅಲ್ವಾ. ಅಪ್ಪನಿಗೂ ಹಾಗೆ. ನಿಮ್ಮ ಅಪ್ಪ 'ಒತೋಸಾನ್', ಹೊರಗಿನವರ ಮುಂದೆ ಹೇಳುವಾಗ ನನ್ನ ಅಪ್ಪ ಬರೀ 'ಚಿಚಿ'.

ಬಾಗಿ ನಮಸ್ಕಾರ ಮಾಡುವುದರ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಹದಿನೈದು ಡಿಗ್ರಿ, ಮೂವತ್ತು ಡಿಗ್ರಿ, ನಲವತ್ತೈದು ಡಿಗ್ರಿ ಅಂತ ಲೆಕ್ಕ ಇರುವುದು ನಿಜ, ಆದರೆ ಅದು ಅಂಗಡಿ, ಆಫೀಸಿನವರ ತರಬೇತಿಗೆ. ಪ್ರವಾಸಿ ತಲೆ, ಭುಜ ಒಂಚೂರು ಬಾಗಿಸಿದರೆ ಸಾಕು. ಕೈ ಜೋಡಿಸುವುದು ಬೇಡ, ಅದು ದೇವರೆದುರು, ಊಟದೆದುರು. ವಿಸಿಟಿಂಗ್ ಕಾರ್ಡ್ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು, ಓದಿ, ಮೀಟಿಂಗ್ ಮುಗಿಯುವವರೆಗೆ ಮೇಜಿನ ಮೇಲಿಟ್ಟುಕೊಳ್ಳಿ. ಹಿಂದಿನ ಜೇಬಿಗೆ ಹಾಕಿ ಅದರ ಮೇಲೆ ಕೂರಬೇಡಿ.

ಮೂರನೆಯದು ಸಾವು. ಚಾಪ್‌ಸ್ಟಿಕ್ ಬಗ್ಗೆ ಇರುವ ಎರಡು ದೊಡ್ಡ ನಿಷೇಧಗಳೂ ಅಲ್ಲಿಂದಲೇ ಬಂದವು. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಯಾಕೆಂದರೆ ಸತ್ತವರ ತಲೆಯ ಹತ್ತಿರ ಇಡುವ ಅನ್ನದಲ್ಲಿ ಹಾಗೆ ಚುಚ್ಚುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು, ಯಾಕೆಂದರೆ ದಹನದ ನಂತರ ಮನೆಯವರು ಮೂಳೆಗಳನ್ನು ಚಾಪ್‌ಸ್ಟಿಕ್‌ನಲ್ಲಿ ಎತ್ತಿ, ಕಡ್ಡಿಯಿಂದ ಕಡ್ಡಿಗೆ ದಾಟಿಸಿ ಕರಂಡಕ್ಕೆ ತುಂಬುತ್ತಾರೆ. ಅಸ್ಥಿ ಆಯುವುದು ಏನು ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟದ ಮೇಜಿನಲ್ಲಿ ಹಾಗೆ ಮಾಡಿದರೆ ಎದುರಿಗಿರುವವರಿಗೆ ಕಣ್ಣಮುಂದೆ ಏನು ಬಂದು ನಿಲ್ಲುತ್ತದೆ ಅಂತ ಯೋಚಿಸಿ. ಉಳಿದ ಚಾಪ್‌ಸ್ಟಿಕ್ ತಪ್ಪುಗಳೆಲ್ಲ, ಕಡ್ಡಿ ತೋರಿಸಿ ಮಾತಾಡುವುದು, ತಟ್ಟೆಯಲ್ಲಿ ಕೆದಕುವುದು, ಇವೆಲ್ಲ ಅಸಭ್ಯ ಅಷ್ಟೇ. ಈ ಎರಡು ಅಮಂಗಳ.

ಹೋಟೆಲಿನಲ್ಲಿ ಕೊಡುವ ಯುಕಾತಾ, ಅಂದರೆ ಹತ್ತಿಯ ಉದ್ದ ಅಂಗಿ ಉಡುವಾಗ ಎಡಭಾಗ ಬಲಭಾಗದ ಮೇಲೆ ಬರಬೇಕು. ತಿರುವುಮುರುವಾದರೆ ಹೆಣಕ್ಕೆ ಉಡಿಸಿದ ಹಾಗೆ. ನಾಲ್ಕು ಅನ್ನುವುದಕ್ಕೂ ಸಾವು ಅನ್ನುವುದಕ್ಕೂ 'ಶಿ' ಎಂಬ ಒಂದೇ ಉಚ್ಚಾರ ಇರುವುದರಿಂದ ಉಡುಗೊರೆ ನಾಲ್ಕರ ಲೆಕ್ಕದಲ್ಲಿ ಕೊಡುವುದಿಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ಬುದ್ಧ ಪರಿನಿರ್ವಾಣದ ಹೊತ್ತಿನಲ್ಲಿ ಹಾಗೆ ಮಲಗಿದ್ದ, ಸತ್ತವರನ್ನೂ ಹಾಗೇ ಮಲಗಿಸುತ್ತಾರೆ ಅಂತ. ರಾತ್ರಿ ಉಗುರು ಕತ್ತರಿಸಬಾರದು, ಕತ್ತರಿಸಿದರೆ ಅಪ್ಪ ಅಮ್ಮನ ಕೊನೆಗಳಿಗೆಯಲ್ಲಿ ಹತ್ತಿರ ಇರಲಾಗುವುದಿಲ್ಲವಂತೆ. ಇದನ್ನೆಲ್ಲ ಕೇಳುತ್ತಾ ಹೋದಾಗ ನಾನು ವಿದೇಶದಲ್ಲಿದ್ದೇನೋ, ತಿಪಟೂರಿನ ಸೋದರತ್ತೆ ಮನೆಯಲ್ಲಿದ್ದೇನೋ ಅಂತ ಅನುಮಾನ ಬಂತು.

ಊಟದ ವಿಷಯ ಬಂತಲ್ಲ. ಕೂತ ತಕ್ಷಣ ಒದ್ದೆ ಬಟ್ಟೆ ಕೊಡುತ್ತಾರೆ, ಕೈ ಒರೆಸಲು, ಮುಖಕ್ಕೂ ಕತ್ತಿಗೂ ಅಲ್ಲ. ಶುರು ಮಾಡುವಾಗ "ಇತದಾಕಿಮಾಸು", ಮುಗಿದ ಮೇಲೆ "ಗೊಚಿಸೊಸಾಮಾ". ನೂಡಲ್ಸ್ ಸೊರ್ ಅಂತ ಸದ್ದು ಮಾಡಿ ಎಳೆಯಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಾಳೆಲೆಯಲ್ಲಿ ಹರಿಯುವ ಪಾಯಸ ತಿಂದು ಗೊತ್ತಿರುವವರಿಗೆ ಇದು ಸಲೀಸು. ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿದು ತಿನ್ನಬೇಕು. ಎಡಗೈ ಅನ್ನಕ್ಕೆ ತಾಗಿಸಬಾರದು ಅನ್ನುವ ನಮ್ಮ ಸಂಕೋಚ ಅಲ್ಲಿಲ್ಲ, ತಟ್ಟೆ ಕೆಳಗಿಟ್ಟು ತಲೆ ಬಗ್ಗಿಸಿ ತಿನ್ನುವುದೇ ಅವರಿಗೆ ಚೆನ್ನಾಗಿ ಕಾಣದು. ಕುಡಿಯುವಾಗ ನಿಮ್ಮ ಲೋಟ ನೀವೇ ತುಂಬಿಕೊಳ್ಳಬೇಡಿ, ಪಕ್ಕದವರದ್ದು ತುಂಬಿಸಿ, ಅವರು ನಿಮ್ಮದು ತುಂಬಿಸುತ್ತಾರೆ. ಇಜಕಾಯಾದಲ್ಲಿ ಕೇಳದೇ ಒಂದು ಪುಟ್ಟ ಬಟ್ಟಲು ತಿಂಡಿ ತಂದಿಟ್ಟು ಅದಕ್ಕೆ ದುಡ್ಡು ಹಾಕಿದ್ದರೆ ಮೋಸ ಅಂತ ಜಗಳಕ್ಕೆ ಹೋಗಬೇಡಿ. ಒತೋಶಿ ಅಂತ ಅದು, ಕೂತದ್ದಕ್ಕೆ ಶುಲ್ಕ ಇದ್ದ ಹಾಗೆ. ಟಿಪ್ಸ್ ಇಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬಂದರೆ ಮರೆತು ಹೋದಿರಿ ಅಂತ ಹಿಂದಿನಿಂದ ಓಡಿ ಬಂದು ಕೊಡುತ್ತಾರೆ. ದುಡ್ಡನ್ನು ಕೈಗೆ ಕೊಡದೆ ಕೌಂಟರಿನ ಪುಟ್ಟ ತಟ್ಟೆಯಲ್ಲಿಡಿ. ಟ್ಯಾಕ್ಸಿಯ ಹಿಂದಿನ ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ, ಎಳೆಯಬೇಡಿ.

ಸಸ್ಯಾಹಾರಿಗಳಿಗೆ ಸತ್ಯ ಹೇಳಿಬಿಡುತ್ತೇನೆ, ಕಷ್ಟ ಇದೆ. ಅವರ ಅಡುಗೆಯ ಬುನಾದಿ 'ದಾಶಿ' ಎಂಬ ತಿಳಿಸಾರು. ಅದು ಸಾಮಾನ್ಯವಾಗಿ ಒಣ ಮೀನಿನ ತುರಿ ಮತ್ತು ಕಡಲ ಪಾಚಿಯಿಂದ ಆಗುತ್ತದೆ. ಮಿಸೊ ಸೂಪು, ನೂಡಲ್ಸ್ ಸಾರು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಇರಬಹುದು. "ಮೀನು ಇದೆಯಾ?" ಅಂದರೆ ಇಲ್ಲ ಅನ್ನುತ್ತಾರೆ, ಸುಳ್ಳು ಹೇಳುವುದಲ್ಲ, ತುಂಡು ಕಾಣದಿದ್ದರೆ ಅವರ ಲೆಕ್ಕದಲ್ಲಿ ಮೀನಿಲ್ಲ. ದಾಶಿ ಅಂತ ಹೆಸರು ಹಿಡಿದೇ ಕೇಳಬೇಕು. "ಇದರಲ್ಲಿ ಅದು ತೆಗೆದು ಇದು ಹಾಕಿ ಕೊಡಿ" ಅಂತ ನಮ್ಮ ದರ್ಶಿನಿಯಲ್ಲಿ ಕೇಳುವ ಹಾಗೆ ಅಲ್ಲಿ ಕೇಳುವುದು ಅವರಿಗೆ ಇಕ್ಕಟ್ಟು, ಅಲ್ಲಿ ಚೊತ್ತೊ ಕೇಳಿಸುತ್ತದೆ. ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಎಂಬ ಊಟ ಹುಡುಕಿ. ಮೀನು, ಮಾಂಸ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಕೋಯಾ ಬೆಟ್ಟದ ಮಠಗಳಲ್ಲಿ ಉಳಿದುಕೊಂಡರೆ ಅದೇ ಬಡಿಸುತ್ತಾರೆ. ಟೋಕಿಯೊದಲ್ಲಿ ಇದ್ದು ಸಾರು, ಅನ್ನದ ನೆನಪು ಜಾಸ್ತಿಯಾದರೆ ಭಾರತೀಯರು ಹೆಚ್ಚಾಗಿರುವ ನಿಶಿಕಾಸಾಯ್ ಕಡೆ ಟ್ರೇನ್ ಹತ್ತಿ.

ಬಿಸಿನೀರಿನ ಬುಗ್ಗೆಯ ಸ್ನಾನ, ಒನ್ಸೆನ್, ಬಿಡಬೇಡಿ. ಗಂಡಸರು, ಹೆಂಗಸರು ಸಾಮಾನ್ಯವಾಗಿ ಬೇರೆ ಬೇರೆ. ಆದರೆ ಮೈಮೇಲೆ ಒಂದು ನೂಲೂ ಇರಬಾರದು, ಈಜುಡುಗೆಯೂ ಆಗಲ್ಲ. ನಾಚಿಕೆ ಎರಡು ನಿಮಿಷ ಇರುತ್ತದೆ, ಯಾರೂ ನಿಮ್ಮನ್ನು ನೋಡುತ್ತಿಲ್ಲ ಅಂತ ಗೊತ್ತಾದ ಮೇಲೆ ಹೋಗುತ್ತದೆ. ಮುಖ್ಯ ವಿಷಯ ಬೇರೆ. ತೊಟ್ಟಿ ಇರುವುದು ಕೊಳೆ ತೊಳೆಯಲು ಅಲ್ಲ, ನೆನೆಯಲು. ಮೊದಲು ಗೋಡೆ ಪಕ್ಕದ ನಲ್ಲಿಗಳ ಮುಂದೆ ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ, ನೊರೆ ಒಂಚೂರೂ ಇಲ್ಲದ ಹಾಗೆ ತೊಳೆದುಕೊಂಡು, ಆಮೇಲೆ ನೀರಿಗೆ ಇಳಿಯಬೇಕು. ಉದ್ದ ಕೂದಲಿದ್ದರೆ ಮೇಲೆ ಕಟ್ಟಿ. ಚಿಕ್ಕ ಟವೆಲ್ ನೀರಿಗೆ ತಾಗಬಾರದು, ಮಡಚಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮನೆಯ ಸ್ನಾನದ ತೊಟ್ಟಿಯೂ ಹಾಗೆಯೇ, ಒಂದೇ ನೀರಿನಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ನೆನೆಯುತ್ತಾರೆ. ಅತಿಥಿಗೆ ಮೊದಲ ಸರದಿ ಕೊಡುತ್ತಾರೆ. ಸ್ನಾನ ಮುಗಿಸಿ ಒಳ್ಳೆಯತನದಿಂದ ಬಿರಡೆ ಎಳೆದು ನೀರೆಲ್ಲ ಬಿಟ್ಟುಬಿಟ್ಟರೆ ಉಳಿದವರ ಗತಿ? ಮುಚ್ಚಳ ಮುಚ್ಚಿ ಬನ್ನಿ.

ಹಚ್ಚೆ ಇರುವವರಿಗೆ ತೊಡಕಿದೆ. ಅಲ್ಲಿ ದೊಡ್ಡ ಹಚ್ಚೆ ಅಂದರೆ ಯಾಕುಜಾ ಗ್ಯಾಂಗುಗಳ ನೆನಪು, ಹಾಗಾಗಿ ಬಹಳ ಒನ್ಸೆನ್‌ಗಳು ಒಳಗೆ ಬಿಡುವುದಿಲ್ಲ. 2013ರಲ್ಲಿ ಹೊಕ್ಕೈದೊದಲ್ಲಿ ನ್ಯೂಜಿಲೆಂಡಿನ ಮಾವೊರಿ ಮಹಿಳೆಯೊಬ್ಬರನ್ನು ಮುಖದ ಮೇಲಿನ ಸಾಂಪ್ರದಾಯಿಕ ಹಚ್ಚೆಯ ಕಾರಣಕ್ಕೆ ವಾಪಸ್ ಕಳಿಸಿದ್ದು ದೊಡ್ಡ ಚರ್ಚೆಯಾಯಿತು. ನನಗಂತೂ ಅದು ಸರಿ ಅನಿಸಲಿಲ್ಲ. ಈಗ ಕೆಲವು ಕಡೆ ಸ್ಟಿಕ್ಕರ್ ಅಂಟಿಸಿ ಮುಚ್ಚಿಕೊಂಡರೆ ಬಿಡುತ್ತಾರೆ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಖಾಸಗಿ ತೊಟ್ಟಿಗಳೂ ಇವೆ. ಮೊದಲೇ ಕೇಳಿಕೊಂಡು ಹೋಗಿ.

ದೇಗುಲಗಳಲ್ಲಿ ಶಿಂತೊ ಬೇರೆ, ಬೌದ್ಧ ಬೇರೆ. ಕಂಬದ ತೋರಣದಂಥ ತೊರಿ ಬಾಗಿಲು ಇದ್ದರೆ ಸಾಮಾನ್ಯವಾಗಿ ಶಿಂತೊ. ಅಲ್ಲಿ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೊಮ್ಮೆ ಬಾಗುವುದು. ಬೌದ್ಧ ದೇಗುಲದಲ್ಲಿ ಚಪ್ಪಾಳೆ ಇಲ್ಲ, ಸುಮ್ಮನೆ ಕೈಮುಗಿಯುವುದು. ಹುಂಡಿಗೆ 5 ಯೆನ್ ನಾಣ್ಯ ಹಾಕುತ್ತಾರೆ, ಯಾಕೆಂದರೆ 'ಗೊ ಎನ್' ಅಂದರೆ ಐದು ಯೆನ್ ಅಂತಲೂ ಹೌದು, ಋಣಾನುಬಂಧ ಅಂತಲೂ ಹೌದು.

ಫೋಟೊ ವಿಷಯದಲ್ಲಿ ಅವರ ತಾಳ್ಮೆ ಈಚೆಗೆ ಕಡಿಮೆಯಾಗಿದೆ. 2024ರಲ್ಲಿ ಜಪಾನಿಗೆ 3 ಕೋಟಿ 68 ಲಕ್ಷಕ್ಕೂ ಜಾಸ್ತಿ ವಿದೇಶಿಯರು ಬಂದರು, ಅಲ್ಲಿವರೆಗಿನ ದಾಖಲೆ ಅದು. ಕ್ಯೋಟೊದ ಗಿಯೋನ್‌ನಲ್ಲಿ ಕೆಲಸಕ್ಕೆ ಓಡುವ ಮೈಕೊಗಳ, ಅಂದರೆ ಗೀಶಾ ಆಗಲು ಕಲಿಯುತ್ತಿರುವ ಹುಡುಗಿಯರ ಕಿಮೊನೊ ಹಿಡಿದೆಳೆದು ಸೆಲ್ಫಿಗೆ ನಿಲ್ಲಿಸುವವರು ಹುಟ್ಟಿಕೊಂಡರು. 2019ರಲ್ಲಿ ಅಲ್ಲಿನ ನಿವಾಸಿಗಳು ತಮ್ಮ ಖಾಸಗಿ ಓಣಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ಅಂತ ಬೋರ್ಡು ಹಾಕಿದರು. 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗರು ಕಾಲಿಡುವುದನ್ನೇ ನಿಲ್ಲಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಫುಜಿಕವಾಗುಚಿಕೊ ಊರಿನವರು ಒಂದು ಲಾಸನ್ ಅಂಗಡಿಯ ಹಿಂದೆ ಕಾಣುವ ಫುಜಿ ಪರ್ವತಕ್ಕೇ ಪರದೆ ಕಟ್ಟಿದರು. ಎತ್ತರ ಎರಡೂವರೆ ಮೀಟರ್, ಉದ್ದ 20 ಮೀಟರ್, ಕಪ್ಪು ಬಣ್ಣ. ಫೋಟೊಗೆ ಬಂದವರು ರಸ್ತೆ ಮಧ್ಯೆ ನಿಲ್ಲುತ್ತಿದ್ದರು, ಎದುರಿನ ಕ್ಲಿನಿಕ್ಕಿನ ಜಾಗದಲ್ಲಿ ಗಾಡಿ ನಿಲ್ಲಿಸುತ್ತಿದ್ದರು, ಕಸ ಬಿಟ್ಟು ಹೋಗುತ್ತಿದ್ದರು. ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಗಾಳಿ ಓದಲು ಬಾರದವರಿಗೆ ಕೊನೆಗೆ ಗೋಡೆಯನ್ನೇ ಕಟ್ಟಿ ತೋರಿಸಬೇಕಾಯಿತು. ಜನ ಅದಕ್ಕೂ ತೂತು ಕೊರೆದರು.

ಕೊನೆಗೆ ಉಡುಗೊರೆ. ಯಾರ ಮನೆಗಾದರೂ, ಆಫೀಸಿಗಾದರೂ ಬರಿಗೈಯಲ್ಲಿ ಹೋಗಬೇಡಿ, ಇದೂ ನಮಗೆ ಗೊತ್ತಿರುವುದೇ. ಎರಡೂ ಕೈಯಲ್ಲಿ ಕೊಡಬೇಕು. ಅವರು "ಅಯ್ಯೋ, ಯಾಕೆ ಇದೆಲ್ಲ" ಅಂತ ಒಂದೆರಡು ಸಲ ಬೇಡ ಅಂದೇ ತೆಗೆದುಕೊಳ್ಳುತ್ತಾರೆ, ನಿಮ್ಮೆದುರು ಬಿಚ್ಚದೇ ಇರಬಹುದು, ಬೇಜಾರು ಮಾಡಿಕೊಳ್ಳಬೇಡಿ. ನಾನು ಹೋಗುವಾಗ ಒಂದು ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡು ಹೋಗಿದ್ದೆ. ಒಳ್ಳೆಯ ತುಪ್ಪದ್ದು, ಮುಟ್ಟಿದರೆ ಕರಗುವಂಥದ್ದು. ಆಫೀಸಿನಲ್ಲಿ ಎಲ್ಲರೂ ಬಂದು ನೋಡಿದರು, ಹೊಗಳಿದರು, ಯಾರೂ ಕೈ ಹಾಕಲಿಲ್ಲ. ಅಲ್ಲಿ ಊರಿಂದ ತಂದ ಸಿಹಿಯನ್ನು ಒಬ್ಬೊಬ್ಬರ ಮೇಜಿನ ಮೇಲೆ ಒಂದೊಂದು ಇಟ್ಟು ಬರುತ್ತಾರೆ, ಅದಕ್ಕೇ ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿರುತ್ತಾರೆ. ನನ್ನ ಡಬ್ಬಿಯಲ್ಲಿ ತುಪ್ಪದಲ್ಲಿ ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತು ತುಂಡು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಟಿಶ್ಯೂ ಪೇಪರು, ಪ್ಲಾಸ್ಟಿಕ್ ಚಾಕು ತಂದು, ಸುಮಿಮಾಸೆನ್ ಅಂತ ನನ್ನ ಅನುಮತಿ ಕೇಳಿ, ಒಂದೊಂದನ್ನೇ ಬಿಡಿಸಿ ಸುತ್ತಲು ಕೂತರು. ನಾನೂ ಪಕ್ಕದಲ್ಲಿ ಕೂತು ಸುತ್ತಿದೆ. ನೀವು ಹೋಗುವುದಾದರೆ ಬಿಡಿಬಿಡಿಯಾಗಿ ಸುತ್ತಿದ ಕಡಲೆಕಾಯಿ ಚಿಕ್ಕಿ ತೆಗೆದುಕೊಂಡು ಹೋಗಿ.